ಮಾಲ್ಟಾ ಪ್ರವಾಸ: ಎಲ್ಲರೂ ಕೇಳುವ ಪ್ರಶ್ನೆಗಳು, ನನಗೆ ಗೊತ್ತಿರುವ ಉತ್ತರಗಳು

ನನ್ನ ತಂಗಿ ಮಾಲ್ಟಾದಲ್ಲಿ ನರ್ಸ್. ಅವಳ ನೆಪದಲ್ಲಿ ಮೂರು ಸಲ ಹೋಗಿ ಬಂದಿದ್ದೇನೆ: ಒಮ್ಮೆ ಒಬ್ಬಳೇ, ಒಮ್ಮೆ ಅಮ್ಮನ ಜೊತೆ, ಒಮ್ಮೆ ಗಂಡ ಮಕ್ಕಳ ಜೊತೆ. ಆಮೇಲಿಂದ ಮದುವೆ ಮನೆಯಲ್ಲಿ, ಆಫೀಸಿನ ಊಟದ ಹೊತ್ತಲ್ಲಿ, ಪತ್ರದಲ್ಲಿ, ವಾಟ್ಸಾಪ್‌ನಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ನಾನು ಹೋಗಿದ್ದು ಸಮುದ್ರ ನೋಡೋಕೆ. ಆಮೇಲಿನ ಎರಡು ಸಲ ಹೋಗಿದ್ದು ಕಲ್ಲು ನೋಡೋಕೆ. ಹಾಗಾಗಿ ಉತ್ತರಗಳು ಸ್ವಲ್ಪ ಕಲ್ಲಿನ ಕಡೆಗೇ ವಾಲಿವೆ.

## ಹೊರಡುವ ಮುಂಚೆ

ಮಾಲ್ಟಾ ಅಂದ್ರೆ ಇಟಲಿಯ ಒಂದು ಊರಾ?

ಅಲ್ಲ. ಅದೊಂದು ಸ್ವತಂತ್ರ ದೇಶ. ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ಹೆಚ್ಚುಕಡಿಮೆ ನಡುಮಧ್ಯೆ ಇದೆ. ಮಾಲ್ಟಾ, ಗೋಜೋ, ಕೊಮಿನೋ ಅಂತ ಮೂರು ಮುಖ್ಯ ದ್ವೀಪಗಳು. ಎಲ್ಲ ಸೇರಿಸಿದರೂ 316 ಚದರ ಕಿ.ಮೀ., ಅಂದರೆ ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. 1964ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂತು, 1974ರಲ್ಲಿ ಗಣರಾಜ್ಯವಾಯಿತು. 2004ರಿಂದ ಯುರೋಪಿಯನ್ ಒಕ್ಕೂಟದಲ್ಲಿದೆ. 2008ರಿಂದ ಅಲ್ಲಿ ಯೂರೋ ನಡೆಯುತ್ತದೆ.

ವೀಸಾ ಬೇರೆ ಮಾಡಿಸ್ಬೇಕಾ? ಬೆಂಗಳೂರಿಂದ ನೇರ ಫ್ಲೈಟ್ ಇದೆಯಾ?

ಶೆಂಗೆನ್ ವೀಸಾ ಸಾಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಮಾಲ್ಟಾ ಒಂದಕ್ಕೇ ಹೋಗುವುದಾದರೆ ಮಾಲ್ಟಾಗೇ ಅರ್ಜಿ ಹಾಕಬೇಕು. ಇಟಲಿಯನ್ನೂ ಸೇರಿಸಿಕೊಂಡರೆ, ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ತುಂಬಿಕೊಡುವ ಪ್ರವಾಸ ವಿಮೆ ಕಡ್ಡಾಯ. ಪ್ರವಾಸಕ್ಕೆ ಆರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು. ಕೊನೇ ಗಳಿಗೆವರೆಗೂ ಕಾಯಬೇಡಿ.

ನೇರ ವಿಮಾನ ಇಲ್ಲ. ದುಬೈ, ಇಸ್ತಾಂಬುಲ್ ಅಥವಾ ಯುರೋಪಿನ ಯಾವುದಾದರೂ ದೊಡ್ಡ ಊರಿನ ಮೂಲಕ ಹೋಗಬೇಕು. ರೋಮ್‌ನಂಥ ಊರಲ್ಲಿ ವಿಮಾನ ಬದಲಿಸಿದರೆ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುತ್ತದೆ. ಒಂದು ಗಂಟೆಯ ಅಂತರದಲ್ಲಿ ಮುಂದಿನ ವಿಮಾನ ಇಟ್ಟುಕೊಂಡು ಓಡಬೇಡಿ. ಸಿಸಿಲಿಗೂ ಹೋಗುವವರಿಗೆ ಪೊಝಾಲ್ಲೋ ಬಂದರಿನಿಂದ ಮಾಲ್ಟಾಗೆ ವೇಗದ ಹಡಗಿದೆ. ಎರಡು ಗಂಟೆಯೂ ಬೇಡ.

ಮಕ್ಕಳಿಗೆ ರಜಾ ಇರೋದೇ ಏಪ್ರಿಲ್-ಮೇ. ಆಗ ಹೋಗ್ಬಹುದಾ?

ಹೋಗಿ, ಅದೇ ಒಳ್ಳೆ ಕಾಲ. ಚಳಿಗಾಲದ ಮಳೆ ಮುಗಿದು ಇಡೀ ದ್ವೀಪ ಹಸಿರಾಗಿರುತ್ತದೆ, ಬಂಡೆ ಸಂದಿಯಲ್ಲೆಲ್ಲ ಹೂವು. ಜುಲೈ ಬರುವಷ್ಟರಲ್ಲಿ ಅದೇ ನೆಲ ಒಣಗಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗುತ್ತದೆ. ಏಪ್ರಿಲ್‌ನಲ್ಲಿ ಸಮುದ್ರದ ನೀರು ಮಾತ್ರ ತಣ್ಣಗೆ ಕೊರೆಯುತ್ತದೆ. ಈಜಬೇಕು ಅನ್ನುವವರು ಸೆಪ್ಟೆಂಬರ್ ಅಥವಾ ಅಕ್ಟೋಬರ್ ನೋಡಿ. ಜುಲೈ-ಆಗಸ್ಟ್ ನಾನು ಯಾರಿಗೂ ಹೇಳುವುದಿಲ್ಲ. ಕಲ್ಲಿನ ಊರು, ನೆರಳು ಕಮ್ಮಿ, ಜನ ಜಾಸ್ತಿ.

ಅಷ್ಟು ಚಿಕ್ಕ ದ್ವೀಪಕ್ಕೆ ಎರಡು ದಿನ ಸಾಕಲ್ವಾ?

ನಕ್ಷೆ ನೋಡಿ ಎಲ್ಲರೂ ಹೀಗೇ ಮೋಸ ಹೋಗುತ್ತಾರೆ, ನಾನೂ ಹೋಗಿದ್ದೆ. ದೂರ ಕಮ್ಮಿ ಇರಬಹುದು, ಆದರೆ ರಸ್ತೆ ಕಿರಿದು, ಟ್ರಾಫಿಕ್ ಬೆಂಗಳೂರಿನವರಿಗೂ ಸಾಕು ಸಾಕು ಅನಿಸುವಷ್ಟು. ಐದು ದಿನ ಇಟ್ಟುಕೊಳ್ಳಿ. ಅದರಲ್ಲಿ ಒಂದು ರಾತ್ರಿಯಾದರೂ ಗೋಜೋದಲ್ಲಿ ಕಳೆಯಿರಿ.

ಪ್ಲಗ್ ಅಡಾಪ್ಟರ್ ಯಾವುದು ತಗೊಳ್ಳಲಿ? ಯುರೋಪಿಂದು ನಮ್ಮತ್ರ ಇದೆ.

ಅದು ಆಗುವುದಿಲ್ಲ. ಮಾಲ್ಟಾದಲ್ಲಿರುವುದು ಇಂಗ್ಲೆಂಡಿನ ಚಪ್ಪಟೆ ಮೂರು ಪಿನ್ನಿನ ಪ್ಲಗ್. ವಾಹನಗಳೂ ನಮ್ಮ ಹಾಗೆ ಎಡಗಡೆಯೇ ಓಡುತ್ತವೆ. ಬ್ರಿಟಿಷರು ಬಿಟ್ಟುಹೋದ ಸಾಮಾನು ಇವೆಲ್ಲ.

## ಇಳಿದ ಮೇಲೆ

ರೂಮು ಎಲ್ಲಿ ಮಾಡೋದು? ಎಲ್ಲರೂ ಸ್ಲೀಮಾ ಅಂತಾರೆ.

ಸ್ಲೀಮಾದಲ್ಲಿ ಹೋಟೆಲು, ಅಂಗಡಿ, ಬಸ್ಸು ಎಲ್ಲ ಕೈಗೆ ಸಿಗುತ್ತವೆ. ನೋಡೋಕೆ ಮಾತ್ರ ಎಲ್ಲ ಊರಿನ ಸಮುದ್ರದ ಬದಿ ಅಪಾರ್ಟ್‌ಮೆಂಟುಗಳ ಹಾಗೇ ಇದೆ. ಪಕ್ಕದ ಪಾಚೆವಿಲ್ಲೆಯಲ್ಲಿ ರಾತ್ರಿಯಿಡೀ ಸಂಗೀತ, ಗಲಾಟೆ. ಮಕ್ಕಳಿದ್ದರೆ ಅಲ್ಲಿ ಬೇಡ. ನನ್ನ ಮಾತು ಕೇಳುವುದಾದರೆ ರಾಜಧಾನಿ ವಾಲೆಟ್ಟಾದಲ್ಲಿ ಇಲ್ಲವೇ ಬಂದರಿನ ಆಚೆ ದಡದ ಬಿರ್ಗುವಿನಲ್ಲಿ ಇರಿ. ಬುಕ್ ಮಾಡುವಾಗ "ಲಿಫ್ಟ್ ಇದೆಯಾ" ಅಂತ ಮೊದಲು ಕೇಳಿ. ಹಳೇ ಮನೆಗಳ ಸುರುಳಿ ಮೆಟ್ಟಿಲು ಹತ್ತಿ ಅಮ್ಮನ ಮೊಣಕಾಲು ಎರಡೇ ದಿನಕ್ಕೆ ಸೋತಿತ್ತು.

ಕಾರು ಬಾಡಿಗೆಗೆ ತಗೊಳ್ಳೋದಾ, ಬಸ್ಸಾ?

ಬಸ್ಸು. ಒಂದು ಟಿಕೆಟ್ ತೆಗೆದರೆ ಎರಡು ಗಂಟೆ ನಡೆಯುತ್ತದೆ, ಮಧ್ಯೆ ಬಸ್ಸು ಬದಲಿಸಬಹುದು. ಏಳು ದಿನದ ಕಾರ್ಡೂ ಸಿಗುತ್ತದೆ. ವಾಲೆಟ್ಟಾ ಕೋಟೆ ಬಾಗಿಲ ಹೊರಗಿನ ನಿಲ್ದಾಣದಿಂದ ಹೆಚ್ಚುಕಡಿಮೆ ಎಲ್ಲ ಕಡೆಗೂ ಬಸ್ಸಿದೆ. ಸ್ಟಾಪಿನಲ್ಲಿ ಸುಮ್ನೆ ನಿಂತಿದ್ದರೆ ಬಸ್ಸು ನಿಲ್ಲದೇ ಹೋಗಿಬಿಡುತ್ತದೆ, ಕೈ ಅಡ್ಡ ಹಾಕಬೇಕು. ತುಂಬಿದ್ದರೆ ಕೈ ಹಾಕಿದರೂ ನಿಲ್ಲುವುದಿಲ್ಲ.

ಮೂರನೇ ಸಲ ನಾವು ಕಾರು ತಗೊಂಡಿದ್ದೆವು. ಹಳ್ಳಿ ದಾರಿಗಳ ಎರಡೂ ಬದಿ ಕಲ್ಲಿನ ಗೋಡೆ, ಎದುರಿಂದ ಇನ್ನೊಂದು ಕಾರು ಬಂದರೆ ಕನ್ನಡಿ ಮಡಚಬೇಕು. ವಾಪಸ್ ಕೊಡುವಾಗ ನಾವು ನೋಡೇ ಇರದ ಗೀರು ತೋರಿಸಿ ದುಡ್ಡು ಕಿತ್ತುಕೊಂಡರು. ತಗೊಳ್ಳಲೇಬೇಕು ಅಂದರೆ ಕೀ ಕೈಗೆ ಬಂದ ತಕ್ಷಣ ಕಾರಿನ ನಾಲ್ಕೂ ಸುತ್ತ ವಿಡಿಯೋ ಮಾಡಿಟ್ಟುಕೊಳ್ಳಿ.

ನಾವು ಶುದ್ಧ ಸಸ್ಯಾಹಾರಿಗಳು. ಅಲ್ಲಿ ಉಪವಾಸ ಬೀಳ್ತೀವಾ?

ಇಲ್ಲ, ಆದರೆ ಕೇಳಿ ತಿನ್ನಬೇಕು. ಮಾಲ್ಟಾದವರ ಹಬ್ಬದೂಟ ಮೊಲದ ಸಾರು. ಬೀದಿ ತಿಂಡಿಯಲ್ಲಿ ಮಾತ್ರ ನಮಗೂ ಪಾಲಿದೆ. ಪಾಸ್ತಿತ್ಸಿ ಅಂತ ಒಂದು ಸಿಗುತ್ತದೆ, ಪದರ ಪದರವಾಗಿರುವ ಗರಿಗರಿ ಪಫ್. ಒಂದರಲ್ಲಿ ರಿಕೋಟಾ ಚೀಸ್, ಇನ್ನೊಂದರಲ್ಲಿ ಬಟಾಣಿ. ನಮ್ಮ ಬೇಕರಿ ಪಫ್‌ನ ದೂರದ ಅಣ್ಣ ಅಂದುಕೊಳ್ಳಿ. ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. ಕಟ್ಟುನಿಟ್ಟಿನವರು ಅಂಗಡಿಯವರನ್ನೇ ವಿಚಾರಿಸಿ, ಬೇಜಾರಿಲ್ಲದೆ ಹೇಳುತ್ತಾರೆ.

ಹೋಬ್ಸ್ ಬಿಝ್ಝೇಯ್ತ್ ಅಂದರೆ ಟೊಮೆಟೊ ತಿಕ್ಕಿ ಆಲಿವ್ ಎಣ್ಣೆ ಹಾಕಿದ ಬ್ರೆಡ್ಡು. ರುಚಿ ಸೊಗಸು, ಆದರೆ ಅದರೊಳಗೆ ಟ್ಯೂನಾ ಮೀನು ಸೇರಿಸುವುದು ರೂಢಿ. "ಟ್ಯೂನಾ ಬೇಡ" ಅಂತ ಮೊದಲೇ ಹೇಳಿ. ಬಿಗಿಲ್ಲಾ ಅನ್ನುವುದು ಅರೆದ ಕಾಳಿನ ಗಟ್ಟಿ ಚಟ್ನಿ, ಬೆಳ್ಳುಳ್ಳಿ ಜಾಸ್ತಿ. ಸಿಹಿಗೆ ಇಮ್‌ಅರೆತ್ ತಿನ್ನಿ. ಖರ್ಜೂರ ತುಂಬಿ ಎಣ್ಣೆಯಲ್ಲಿ ಕರಿದದ್ದು, ಬಿಸಿ ಬಿಸಿ ಇರುವಾಗ ನಮ್ಮ ಕರ್ಜಿಕಾಯಿಯ ನೆನಪು ತರುತ್ತದೆ. ಅಕ್ಕಿ, ಬೇಳೆ, ಸಾಂಬಾರ್ ಪುಡಿ ಎಲ್ಲ ಮಾರುವ ಭಾರತೀಯ ಅಂಗಡಿಗಳೂ ಇವೆ. ಅಡುಗೆಮನೆ ಇರುವ ರೂಮು ಹಿಡಿದರೆ ಅಜ್ಜಿಯರನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಬಹುದು.

ನಲ್ಲಿ ನೀರು ಕುಡಿಯಬಹುದಾ?

ಕುಡಿದರೆ ಏನೂ ಆಗುವುದಿಲ್ಲ, ರುಚಿ ಮಾತ್ರ ಹಿಡಿಸುವುದಿಲ್ಲ. ಇಡೀ ದೇಶದಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿ ಇಲ್ಲ. ನಲ್ಲಿಯಲ್ಲಿ ಬರುವುದರಲ್ಲಿ ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು.

ಭಾಷೆ ಹೇಗೆ ಮ್ಯಾನೇಜ್ ಮಾಡೋದು?

ಇಂಗ್ಲಿಷ್ ಅಲ್ಲಿ ಅಧಿಕೃತ ಭಾಷೆ, ಎಲ್ಲರಿಗೂ ಬರುತ್ತದೆ. ಆದರೆ ಮಾಲ್ಟೀಸ್ ಭಾಷೆಗೆ ಸ್ವಲ್ಪ ಕಿವಿ ಕೊಡಿ. ಅದು ಅರಬ್ಬಿಯಿಂದ ಹುಟ್ಟಿದ್ದು, ಇಟಾಲಿಯನ್ ಮಾತು ತುಂಬಿಕೊಂಡಿದ್ದು, ಬರೆಯುವುದು ರೋಮನ್ ಲಿಪಿಯಲ್ಲಿ. ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಸೆಮಿಟಿಕ್ ಮೂಲದ್ದು, ಅಂದರೆ ಅರಬ್ಬಿ, ಹೀಬ್ರೂಗಳ ಕುಟುಂಬದ್ದು, ಇದೊಂದೇ. ಜಗತ್ತಿಗೆ ಅವರು "ದಿನ್ಯಾ" ಅನ್ನುತ್ತಾರೆ. ನಮ್ಮ "ದುನಿಯಾ" ಬಂದದ್ದೂ ಅದೇ ಅರಬ್ಬಿಯಿಂದ. ಥ್ಯಾಂಕ್ಸ್‌ಗೆ "ಗ್ರಾತ್ಸಿ", ಹೊರಡುವಾಗ "ಸಾಹ್ಹಾ". ಮಾತಿಗೊಂದು "ಮೇಲಾ" ಬರುತ್ತದೆ. ನಾವು "ಹಂಗಾದ್ರೆ", "ಹೂಂ ಮತ್ತೆ" ಅನ್ನುವ ಕಡೆಯಲ್ಲೆಲ್ಲ ಅವರದ್ದು ಮೇಲಾ.

## ಏನು ನೋಡೋದು

ವಾಲೆಟ್ಟಾಗೆ ಒಂದೇ ದಿನ ಇದೆ. ಎಲ್ಲಿಂದ ಶುರು ಮಾಡಲಿ?

ಬಂದರಿನಿಂದ. ಮಧ್ಯಾಹ್ನ 12ರ ಒಳಗೆ ಅಪ್ಪರ್ ಬರಾಕ್ಕಾ ಉದ್ಯಾನಕ್ಕೆ ಹೋಗಿ ಕಟಕಟೆ ಹಿಡಿದು ನಿಲ್ಲಿ. ಕೆಳಗಿನ ಸಾಲಿನಿಂದ ಒಂದು ಫಿರಂಗಿ ಹಾರಿಸುತ್ತಾರೆ. ಆಚೆ ದಡದಲ್ಲಿ ಕೋಟೆಯ ಮೇಲೆ ಕೋಟೆ. ಈ ಊರು ಯಾಕೆ ಹುಟ್ಟಿತು ಅನ್ನುವುದು ಅಲ್ಲಿ ನಿಂತರೆ ಗೊತ್ತಾಗುತ್ತದೆ.

1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಈ ದ್ವೀಪವನ್ನು ಸೇಂಟ್ ಜಾನ್ ಪಂಗಡದ ನೈಟ್‌ಗಳಿಗೆ, ಅಂದರೆ ಕತ್ತಿ ಹಿಡಿದ ಕ್ರೈಸ್ತ ಸನ್ಯಾಸಿಗಳಿಗೆ, ಕೊಟ್ಟ. ಬಾಡಿಗೆ ವರ್ಷಕ್ಕೆ ಒಂದು ಡೇಗೆ ಹಕ್ಕಿ. 1565ರಲ್ಲಿ ಆಟೊಮನ್ ತುರ್ಕರ ದೊಡ್ಡ ಸೇನೆ ಬಂದು ಮುತ್ತಿಗೆ ಹಾಕಿತು. ತುದಿಯಲ್ಲಿರುವ ಸೇಂಟ್ ಎಲ್ಮೋ ಕೋಟೆ ಸುಮಾರು ಒಂದು ತಿಂಗಳು ತಡೆದು ಜೂನ್ 23ಕ್ಕೆ ಬಿತ್ತು. ಆದರೆ ಬಿರ್ಗು ಬೀಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ತೆರವಾಯಿತು, ಇವತ್ತಿಗೂ ಅವತ್ತು ರಜಾ. ಮರುವರ್ಷ ಮಾರ್ಚ್ 28ರಂದು, ಬೋಳು ಗುಡ್ಡದ ಮೇಲೆ ಹೊಸ ಊರಿಗೆ ಶಂಕುಸ್ಥಾಪನೆ ಆಯಿತು. ಪಂಗಡದ ಮುಖ್ಯಸ್ಥ ಲಾ ವಾಲೆಟ್‌ನ ಹೆಸರನ್ನೇ ಊರಿಗೆ ಇಟ್ಟರು. ಅದಕ್ಕೇ ಬೀದಿಗಳೆಲ್ಲ ಗೆರೆ ಎಳೆದ ಹಾಗೆ ನೇರ. ಇದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಹಾಕಿ ಕಟ್ಟಿದ ಊರು. ಉದ್ದ ಒಂದು ಕಿ.ಮೀ. ಇದ್ದರೆ ಹೆಚ್ಚು.

ಆಮೇಲೆ ಲಿಫ್ಟಿನಲ್ಲಿ ಕೆಳಗಿಳಿದು ದೈಸಾ ಅನ್ನುವ ಸಣ್ಣ ದೋಣಿ ಹತ್ತಿ ಬಿರ್ಗುವಿಗೆ ದಾಟಿ. ಕೆಲವೇ ನಿಮಿಷದ ದಾರಿ. ಮೂರು ಪ್ರವಾಸದಲ್ಲಿ ನಾನು ಖರ್ಚು ಮಾಡಿದ ಅತಿ ಸಾರ್ಥಕ ಚಿಲ್ಲರೆ ಅದು.

ಚರ್ಚುಗಳೆಲ್ಲ ಒಂದೇ ಥರ ಅಲ್ವಾ? ದುಡ್ಡು ಕೊಟ್ಟು ಒಳಗೆ ಹೋಗ್ಬೇಕಾ?

ಬೇರೆ ಯಾವುದನ್ನು ಬಿಟ್ಟರೂ ವಾಲೆಟ್ಟಾದ ಸೇಂಟ್ ಜಾನ್ಸ್ ಕೋ-ಕೆಥೆಡ್ರಲ್ ಬಿಡಬೇಡಿ. ಹೊರಗಿಂದ ನೋಡಿದರೆ ಉಗ್ರಾಣದ ಹಾಗೆ ಬೋಳು. ಒಳಗೆ ಕಾಲಿಟ್ಟರೆ ಅಂಗೈಯಗಲ ಜಾಗವನ್ನೂ ಖಾಲಿ ಬಿಟ್ಟಿಲ್ಲ, ಎಲ್ಲ ಕಡೆ ಚಿನ್ನದ ಬಣ್ಣ. ನೆಲವೆಲ್ಲ ನೈಟ್‌ಗಳ ಸಮಾಧಿ ಕಲ್ಲುಗಳು, ಬಣ್ಣ ಬಣ್ಣದ ಅಮೃತಶಿಲೆಯಲ್ಲಿ ಕೆತ್ತಿದ ಅಸ್ಥಿಪಂಜರಗಳು. ಕಲ್ಲು ಹಾಳಾಗುತ್ತದೆ ಅಂತ ಚೂಪು ಹಿಮ್ಮಡಿ ಚಪ್ಪಲಿ ಬಿಡುವುದಿಲ್ಲ. ಭುಜ ಮುಚ್ಚಿರಬೇಕು.

ಬದಿಯ ಕೋಣೆಯಲ್ಲಿ ಕಾರವಾಜ್ಜೋ 1608ರಲ್ಲಿ ಬರೆದ ಚಿತ್ರವಿದೆ: ಸಂತ ಜಾನ್‌ನ ತಲೆ ಕಡಿಯುವ ದೃಶ್ಯ. ಈ ಕಲಾವಿದ ರೋಮ್‌ನಲ್ಲಿ ಒಬ್ಬನನ್ನು ಕೊಂದು ತಲೆ ತಪ್ಪಿಸಿಕೊಂಡು ಬಂದಿದ್ದವನು. ಮಾಲ್ಟಾದಲ್ಲಿ ಅವನಿಗೆ ನೈಟ್ ಪದವಿ ಸಿಕ್ಕಿತು. ಕೆಲವೇ ತಿಂಗಳಲ್ಲಿ ಮತ್ತೆ ಜಗಳ, ಜೈಲು, ಅಲ್ಲಿಂದಲೂ ಪರಾರಿ. ಪಂಗಡದವರು ಸಭೆ ಸೇರಿ ಅವನನ್ನು ಹೊರಹಾಕಿದ್ದು ಅವನದೇ ಚಿತ್ರವಿದ್ದ ಆ ಕೋಣೆಯಲ್ಲೇ. ಅವನ ಚಿತ್ರಗಳಲ್ಲಿ ಸಹಿ ಇರುವುದು ಇದೊಂದಕ್ಕೆ. ಸಂತನ ಕತ್ತಿನಿಂದ ಹರಿದ ರಕ್ತದಲ್ಲಿ ಹೆಸರು ಬರೆದಿದ್ದಾನೆ. ಕೆಳಗೆ ಬಗ್ಗಿ ಹುಡುಕಿ. ಚಿತ್ರದ ಅರ್ಧ ಭಾಗ ಬರೀ ಗೋಡೆ, ಬರೀ ಕತ್ತಲು. ಅದರ ಮುಂದೆ ಅಮ್ಮ ಅರ್ಧ ಗಂಟೆ ಕೂತಿದ್ದರು. ಹೊರಗೆ ಬಂದು "ಪಾಪ, ಆ ಮುದುಕಿ ಕಿವಿ ಮುಚ್ಚಿಕೊಂಡಿದ್ದಾಳೆ ನೋಡಿದ್ಯಾ" ಅಂದರು. ಆ ಮುದುಕಿ ತಲೆಯನ್ನೇ ಹಿಡಿದುಕೊಂಡಿದ್ದಾಳೆ, ಆದರೆ ಅಮ್ಮ ಹೇಳಿದ್ದೇ ನನಗೆ ಸರಿ ಅನಿಸಿತು.

ಇಮ್ದೀನಾ ಬೆಳಿಗ್ಗೆ ನೋಡೋದಾ ಸಂಜೆನಾ?

ಸಂಜೆ, ಟೂರ್ ಬಸ್ಸುಗಳು ಹೊರಟ ಮೇಲೆ. ಇದು ನೈಟ್‌ಗಳು ಬರುವ ಮುಂಚಿನ ಹಳೇ ರಾಜಧಾನಿ. ಹೆಸರೂ ಅರಬ್ಬಿಯದ್ದೇ, ಊರು ಅಂತ ಅರ್ಥ. ಗೋಡೆಯೊಳಗೆ ಈಗ ಕೆಲವೇ ನೂರು ಜನ ಇದ್ದಾರೆ. ಹಗಲು ಹೋದರೆ ಕಾಣುವುದು ಸೆಲ್ಫಿ ಕೋಲುಗಳು.

ಗೋಜೋಗೆ ಟಿಕೆಟ್ ಎಲ್ಲೂ ಕೇಳಲೇ ಇಲ್ಲ, ಏನಾದ್ರೂ ತಪ್ಪಾಯ್ತಾ?

ಇಲ್ಲ. ಚಿರ್ಕೆವ್ವಾದಿಂದ ಹೋಗುವ ದೊಡ್ಡ ಫೆರ್ರಿಗೆ ದುಡ್ಡು ಕೊಡುವುದು ಗೋಜೋದಿಂದ ವಾಪಸ್ ಬರುವಾಗ. ಪ್ರಯಾಣ 25 ನಿಮಿಷ. ವಾಲೆಟ್ಟಾದಿಂದಲೇ ಹೊರಡುವ ವೇಗದ ಹಡಗು ಬೇರೆ. ಅದಕ್ಕೆ ಮುಕ್ಕಾಲು ಗಂಟೆ ಬೇಕು, ಕಾರು ಹಾಕಿಕೊಳ್ಳುವುದಿಲ್ಲ.

ಗೋಜೋದಲ್ಲಿ ಎಲ್ಲರೂ ಕೇಳುವುದು ಹಳೇ ಫೋಟೋಗಳಲ್ಲಿರುವ ಕಲ್ಲಿನ ಕಮಾನು, ಅಝೂರ್ ವಿಂಡೋ. ಅದು 2017ರ ಮಾರ್ಚ್ 8ರ ಬಿರುಗಾಳಿಯಲ್ಲಿ ಕುಸಿದು ಸಮುದ್ರ ಸೇರಿತು. ಇವತ್ತಿಗೂ ಕೆಲವರು ಆ ಫೋಟೋ ಹಾಕಿ ಟೂರ್ ಮಾರುತ್ತಾರೆ, ಜೋಪಾನ. ಅದರ ಬದಲು ಶ್ವೇಯ್ನಿ ಕಡೆಯ ಉಪ್ಪಿನ ಮಡಿಗಳಿಗೆ ಹೋಗಿ. ಬಂಡೆಯಲ್ಲೇ ಕೊರೆದ ಚೌಕ ಚೌಕ ಗುಂಡಿಗಳು. ಬೇಸಿಗೆಯಲ್ಲಿ ಈಗಲೂ ಉಪ್ಪು ತೆಗೆಯುತ್ತಾರೆ. ಮಡಿಗಳ ಮೇಲೆ ಮಾತ್ರ ನಡೆಯಬೇಡಿ, ಅದು ಅವರ ಗದ್ದೆ.

ಬೀಚ್ ಹೇಗಿದೆ? ಬ್ಲೂ ಲಗೂನ್‌ಗೆ ಹೋಗ್ಲೇಬೇಕಾ?

ಮಲ್ಪೆಯ ಹಾಗೆ ಮೈಲುಗಟ್ಟಲೆ ಮರಳು ನಿರೀಕ್ಷಿಸಿದರೆ ಬೇಜಾರಾಗುತ್ತದೆ. ದಡ ಹೆಚ್ಚಾಗಿ ಬಂಡೆ. ಏಣಿ ಇಳಿದು ನೀರಿಗೆ ಬೀಳಬೇಕು. ನೀರು ಮಾತ್ರ ಗಾಜಿನ ಹಾಗೆ ತಿಳಿ. ಕೊಮಿನೋದ ಬ್ಲೂ ಲಗೂನ್ ನಿಜಕ್ಕೂ ಅಷ್ಟೇ ನೀಲಿ, ಆದರೆ ಬೇಸಿಗೆಯಲ್ಲಿ ಟವೆಲ್ ಹಾಸುವಷ್ಟೂ ಜಾಗ ಇರುತ್ತಿರಲಿಲ್ಲ. ಜನ ಅತಿಯಾಗಿ 2025ರಲ್ಲಿ ಮುಂಗಡ ಬುಕಿಂಗ್ ತಂದರು. ದೋಣಿ ಹತ್ತುವ ಮುಂಚೆ ಅದನ್ನು ಮಾಡಿಕೊಳ್ಳಿ.

## ಇನ್ನೂ ಸ್ವಲ್ಪ ಆಳಕ್ಕೆ

ಪಿರಮಿಡ್‌ಗಿಂತ ಹಳೇ ದೇವಸ್ಥಾನ ಇದೆ ಅಂತಾರಲ್ಲ, ನಿಜಾನಾ?

ನಿಜ. ಗೋಜೋದ ಜಗಂತೀಯಾ ಕಟ್ಟಿದ್ದು ಕ್ರಿ.ಪೂ. 3600ರ ಆಸುಪಾಸಿನಲ್ಲಿ. ಗಿಜಾದ ದೊಡ್ಡ ಪಿರಮಿಡ್ ಎದ್ದದ್ದು ಅದಾಗಿ ಸುಮಾರು ಸಾವಿರ ವರ್ಷದ ಮೇಲೆ. ಕಟ್ಟಿದವರ ಹತ್ತಿರ ಲೋಹದ ಉಪಕರಣ ಇರಲಿಲ್ಲ. ಬರವಣಿಗೆಯೂ ಇರಲಿಲ್ಲ, ಹಾಗಾಗಿ ಅವರ ದೇವರ ಹೆಸರು ನಮಗೆ ಉಳಿದಿಲ್ಲ. ಹೆಗಲ ಮೇಲೆ ಕೂಸು ಹೊತ್ತ ರಾಕ್ಷಸಿಯೊಬ್ಬಳು ಈ ಕಲ್ಲುಗಳನ್ನು ತಂದಿಟ್ಟಳು ಅಂತ ಅಲ್ಲಿಯ ಕಥೆ.

ಮಾಲ್ಟಾದ ದಕ್ಷಿಣ ದಡದಲ್ಲಿ ಹಜರ್ ಈಮ್ ಮತ್ತು ಇಮ್ನಾಯ್ದ್ರಾ ಅಂತ ಇನ್ನೆರಡಿವೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಸುಣ್ಣದಕಲ್ಲು ಮಳೆಗೆ ಸವೆಯುತ್ತದೆ ಅಂತ 2009ರಲ್ಲಿ ಮೇಲೆ ದೊಡ್ಡ ಬಿಳಿ ಚಪ್ಪರ ಹಾಕಿದರು. ಫೋಟೋಗೆ ಚೆನ್ನಾಗಿಲ್ಲ ಅಂತ ಕೆಲವರ ದೂರು. ಕಲ್ಲು ಉಳಿಯಲಿ ಬಿಡಿ. ಹಗಲು-ರಾತ್ರಿ ಸಮ ಇರುವ ದಿನಗಳಲ್ಲಿ ಮೂಡುವ ಸೂರ್ಯನ ಬೆಳಕು ಇಮ್ನಾಯ್ದ್ರಾದ ಒಂದು ಗುಡಿಯ ಬಾಗಿಲಿಂದ ನೆಟ್ಟಗೆ ಒಳಗೆ ಬೀಳುತ್ತದೆ.

ಹೈಪೋಜಿಯಂ ಟಿಕೆಟ್ ಸಿಗ್ತಾನೇ ಇಲ್ಲ, ಏನ್ ಮಾಡೋದು?

ವಿಮಾನದ ಟಿಕೆಟ್ ತೆಗೆದ ದಿನವೇ ಇದನ್ನೂ ತೆಗೆಯಬೇಕು. ಮೊದಲ ಸಲ ನನಗೆ ಗೊತ್ತಿರಲಿಲ್ಲ, ಬಾಗಿಲ ತನಕ ಹೋಗಿ ವಾಪಸ್ ಬಂದೆ. ಪಾವೋಲಾ ಅನ್ನುವ ಮಾಮೂಲಿ ಬಡಾವಣೆಯ ಮನೆಗಳ ಕೆಳಗಿರುವ ಮೂರು ಅಂತಸ್ತಿನ ನೆಲಮಾಳಿಗೆ ಇದು. ಸುಮಾರು ಐದೂವರೆ ಸಾವಿರ ವರ್ಷ ಹಿಂದಿನವರು ಸತ್ತವರಿಗಾಗಿ ಬಂಡೆ ಕೊರೆದು ಮಾಡಿದ್ದು. ಸುಮಾರು 7,000 ಜನರ ಮೂಳೆಗಳು ಇಲ್ಲಿದ್ದವು ಅಂತ ಅಂದಾಜು. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿ ಅಗೆಯುವಾಗ ಸಿಕ್ಕಿತು.

ಜನರ ಉಸಿರಿನ ತೇವಕ್ಕೆ ಗೋಡೆಯ ಕೆಂಪು ಬಣ್ಣದ ಚಿತ್ತಾರ ಹಾಳಾಗುತ್ತದೆ. ಅದಕ್ಕೇ ದಿನಕ್ಕೆ 80 ಜನರಿಗಷ್ಟೇ ಪ್ರವೇಶ. ಕ್ಯಾಮೆರಾ ಇಲ್ಲ, ಆರು ವರ್ಷದೊಳಗಿನ ಮಕ್ಕಳಿಗೂ ಇಲ್ಲ. ಮಾರನೇ ದಿನದ ಕೆಲವು ಟಿಕೆಟ್‌ಗಳನ್ನು ಸೇಂಟ್ ಎಲ್ಮೋ ಕೋಟೆಯ ಕೌಂಟರಿನಲ್ಲಿ ಮಾರುವ ಪದ್ಧತಿ ಇದೆ. ನನ್ನ ತಂಗಿ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಸಾಲು ನಿಂತು ನನಗೊಂದು ತಂದಳು. ಸಿಗದೇ ಹೋದರೆ ವಾಲೆಟ್ಟಾದ ಪುರಾತತ್ವ ಮ್ಯೂಸಿಯಂಗೆ ಹೋಗಿ. ಹೈಪೋಜಿಯಂನಿಂದ ತಂದ "ಮಲಗಿದ ಹೆಂಗಸು" ಅನ್ನುವ ಪುಟ್ಟ ಮಣ್ಣಿನ ಗೊಂಬೆ ಅಲ್ಲಿದೆ. ಕೈ ತಲೆದಿಂಬಿಗಿಟ್ಟು ಮಲಗಿರುವ ದಪ್ಪ ಹೆಂಗಸು. ಎಷ್ಟು ಪುಟ್ಟದು ಅಂದರೆ ಅಂಗೈಯಲ್ಲೇ ಕೂರುತ್ತದೆ.

ಮಾಲ್ಟಾ ಧ್ವಜದ ಮೂಲೆಯಲ್ಲಿ ಅದೇನು ಶಿಲುಬೆ?

ಜಾರ್ಜ್ ಕ್ರಾಸ್. 1942ರ ಏಪ್ರಿಲ್ 15ರಂದು ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಇಡೀ ದ್ವೀಪಕ್ಕೇ ಕೊಟ್ಟ ಶೌರ್ಯ ಪದಕ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿದ್ದ ಜರ್ಮನ್ ಸೇನೆಗೆ ಸಾಮಾನು ಹೋಗುವ ದಾರಿಯಲ್ಲೇ ಮಾಲ್ಟಾ ಇತ್ತು, ಹಾಗಾಗಿ ಬಾಂಬಿನ ಮಳೆ. ಆ ವರ್ಷ ಜನ ಹಸಿವಿನಿಂದ ಶರಣಾಗುವ ಹಂತಕ್ಕೆ ಬಂದಿದ್ದರು. ಆಗಸ್ಟ್‌ನಲ್ಲಿ ಹೊರಟ 14 ಸರಕು ಹಡಗುಗಳಲ್ಲಿ ಐದು ಮಾತ್ರ ಮುಟ್ಟಿದವು. ಕೊನೆಯದು ಒಹಾಯೊ ಅನ್ನುವ ತೈಲದ ಹಡಗು. ಮುರಿದು ಮುಳುಗುತ್ತಿದ್ದ ಅದನ್ನು ಎರಡು ಯುದ್ಧನೌಕೆಗಳ ಮಧ್ಯೆ ಕಟ್ಟಿಕೊಂಡು ಆಗಸ್ಟ್ 15ರಂದು ಬಂದರಿಗೆ ತಂದರು. ಅವತ್ತು ಮೇರಿ ಮಾತೆಯ ಹಬ್ಬ.

ಮೊಸ್ತಾ ಊರಿನ ಚರ್ಚಿಗೂ ಹೋಗಿ. 1942ರ ಏಪ್ರಿಲ್ 9ರಂದು ಅದರ ಗುಮ್ಮಟ ತೂತು ಮಾಡಿಕೊಂಡು ಒಂದು ಬಾಂಬು ಒಳಗೆ ಬಿತ್ತು. ಪ್ರಾರ್ಥನೆಗೆ ಸೇರಿದ್ದ ಸುಮಾರು 300 ಜನರ ನಡುವೆ ಬಿದ್ದರೂ ಸಿಡಿಯಲಿಲ್ಲ. ಅಂಥದ್ದೇ ಒಂದು ಬಾಂಬನ್ನು ಅಲ್ಲಿ ತೋರಿಸಲು ಇಟ್ಟಿದ್ದಾರೆ.

ನಮ್ಮವರಿಗೂ ಮಾಲ್ಟಾಗೂ ಏನಾದ್ರೂ ಹಳೇ ಸಂಬಂಧ ಇದೆಯಾ?

ಇದೆ. 1878ರಲ್ಲಿ ರಷ್ಯಾ ಜೊತೆ ಯುದ್ಧದ ಭಯ ಬಂದಾಗ ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಸುಮಾರು 7,000 ಭಾರತೀಯ ಸೈನಿಕರನ್ನು ಹಡಗಿನಲ್ಲಿ ಮಾಲ್ಟಾಗೆ ತರಿಸಿದ. ಅದರಲ್ಲಿ ನಮ್ಮ ಹಲಸೂರು ಕೆರೆ ಪಕ್ಕ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಇದ್ದರು. ಯುದ್ಧ ಆಗಲಿಲ್ಲ. ಅದೇ ಶತಮಾನದ ಕೊನೆಗೆ ಸಿಂಧಿ ವ್ಯಾಪಾರಿಗಳು ಬಂದು ವಾಲೆಟ್ಟಾದಲ್ಲಿ ರೇಷ್ಮೆ, ಬಟ್ಟೆ ಅಂಗಡಿ ತೆರೆದರು. ಅವರ ಮೊಮ್ಮಕ್ಕಳು ಈಗ ಮಾಲ್ಟೀಸ್‌ನಲ್ಲೇ ಜಗಳ ಆಡುತ್ತಾರೆ. ಇತ್ತೀಚೆಗೆ ಬಂದವರು ನನ್ನ ತಂಗಿಯಂಥ ನರ್ಸುಗಳು, ಬಸ್ಸು ಓಡಿಸುವವರು, ಊಟ ತಲುಪಿಸುವ ಹುಡುಗರು.

ದೋಣಿಗಳಿಗೆಲ್ಲ ಕಣ್ಣು ಯಾಕೆ ಬರೆದಿದ್ದಾರೆ?

ದೃಷ್ಟಿ ತಾಗದಿರಲಿ ಅಂತ. ಮರ್ಸಾಶ್ಲಾಕ್ ಬಂದರಿನಲ್ಲಿ ಹಳದಿ, ನೀಲಿ, ಕೆಂಪು ಬಣ್ಣದ ಲುತ್ಸು ದೋಣಿಗಳ ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು. ಈ ಪದ್ಧತಿ ಮೆಡಿಟರೇನಿಯನ್ನಿನ ಪ್ರಾಚೀನ ಕಡಲ ವ್ಯಾಪಾರಿಗಳಾದ ಫಿನೀಷಿಯನ್ನರ ಕಾಲದ್ದು ಅನ್ನುತ್ತಾರೆ. ನಮ್ಮ ಅಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿ ಮೀನಿನ ಸಂತೆ.

ಎಲ್ಲಾ ನೋಡಿ ಆಯ್ತು, ಇನ್ನೊಂದು ಅರ್ಧ ದಿನ ಉಳಿದಿದೆ. ಎಲ್ಲಿಗೆ ಹೋಗಲಿ?

ದಿಂಗ್ಲಿ ಹಳ್ಳಿಯ ಹತ್ತಿರದ ಬಂಡೆ ಬಯಲಿಗೆ. ಅಲ್ಲಿ ಬಂಡೆಯ ಮೇಲೆ ಜೋಡಿ ಜೋಡಿಯಾಗಿ ಗಾಡಿ ಜಾಡಿನಂಥ ಕೊರಕಲುಗಳಿವೆ. ಒಂದನ್ನೊಂದು ದಾಟುತ್ತವೆ, ಕವಲೊಡೆಯುತ್ತವೆ, ರೈಲ್ವೆ ಜಂಕ್ಷನ್ನಿನ ಹಾಗೆ. ಯಾರು ಮಾಡಿದ್ದು, ಯಾವಾಗ, ಏನನ್ನು ಎಳೆದದ್ದು ಅನ್ನುವ ಬಗ್ಗೆ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಟಿಕೆಟ್ ಇಲ್ಲ, ಗೈಡ್ ಇಲ್ಲ, ನೆರಳಿಲ್ಲ. ಬಿಸಿಲು ಓರೆಯಾದ ಮೇಲೆ ಹೋಗಿ, ಆಗ ಜಾಡಿನೊಳಗೆ ನೆರಳು ಬಿದ್ದು ಗುರುತು ಎದ್ದು ಕಾಣುತ್ತದೆ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.